ಗುರುಪ್ರಕಾಶನ ವೋಟು ಗುಬ್ಬಿಯಲ್ಲಿತ್ತು

ಹೊಂಬಾಳಮ್ಮ ಗುರುಪ್ರಕಾಶನನ್ನು ಮೊದಲು ಕಂಡದ್ದು ಒಂದು ಬುಧವಾರ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ. ಅಂತರಸನಹಳ್ಳಿಯ ಪಂಪು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವಳು ಅಡುಗೆಯವಳು. ಗಂಡ ತೀರಿಕೊಂಡು ಹದಿನಾರನೇ ದಿನಕ್ಕೆ ಆ ಕೆಲಸಕ್ಕೆ ಸೇರಿದವಳು. ಗುರುಪ್ರಕಾಶ ಲೇತ್ ಮಷಿನ್ನಿನ ಕೆಲಸಗಾರ, ಯೂನಿಯನ್ನಿನ ಹೊಸ ಅಧ್ಯಕ್ಷ. ತಟ್ಟೆ ಹಿಡಿದುಕೊಂಡು ನೇರ ಅಡುಗೆಮನೆಗೇ ಬಂದ.

"ಏನಮ್ಮಾ ಇದು, ಅನ್ನದಲ್ಲಿ ಕಲ್ಲು?"

"ಎಷ್ಟಿದ್ವು?"

"ಎರಡು."

"ನೆನ್ನೆ ನಾಕಿದ್ವು ಕಣಪ್ಪ. ಅಕ್ಕಿ ಕಂಟ್ರಾಕ್ಟ್ರುದು, ಆರ್ಸೋ ಕಣ್ಣು ನಮ್ದು."

ಅವನು ನಕ್ಕು, ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಆ ಅನ್ನವನ್ನೇ ಉಂಡ. ಉಣ್ಣುತ್ತಾ ವಿಚಾರಿಸಿದ. ಅಡುಗೆಮನೆಯಲ್ಲಿ ಒಂಬತ್ತು ಹೆಂಗಸರು. ಹೊಂಬಾಳಮ್ಮನದು ಹನ್ನೊಂದು ವರ್ಷದ ದುಡಿಮೆ. ಆದರೆ ಕಂಟ್ರಾಕ್ಟರ್ ಬದಲಾದಾಗಲೆಲ್ಲ ಲೆಕ್ಕ ಮತ್ತೆ ಒಂದರಿಂದ ಶುರು. ಕೆಲಸ ಖಾಯಂ ಆದರೆ ಅರವತ್ತು ತುಂಬಿದ ದಿನ ಕೈಗೆ ಒಂದು ಗಂಟು ಬರುತ್ತದೆ. ಆಗದಿದ್ದರೆ ಗೇಟಿನ ಹತ್ತಿರ ಒಂದು ನಮಸ್ಕಾರ. ಅವಳಿಗಾಗ ನಲವತ್ತೊಂಬತ್ತು.

"ನಿಮ್ ಒಂಬತ್ತು ಜನಾನೂ ಪರ್ಮನೆಂಟ್ ಮಾಡುಸ್ತೀನಿ," ಎಂದ. ಅವನು ಸುಳ್ಳು ಹೇಳಲಿಲ್ಲ. ಮರುವರ್ಷ ಮುಷ್ಕರ ಹೂಡಿದಾಗ ಅದನ್ನೂ ಬೇಡಿಕೆಗಳಲ್ಲಿ ಸೇರಿಸಿದ. ಹದಿನೇಳನೆಯದು. ನಲವತ್ತೊಂದು ದಿನ ಗೇಟಿನ ಹೊರಗೆ ಟಾರ್ಪಾಲಿನ ಕೆಳಗೆ ಹೊಂಬಾಳಮ್ಮನೇ ಎಲ್ಲರಿಗೂ ಬೇಯಿಸಿ ಹಾಕಿದಳು. ಒಪ್ಪಂದದಲ್ಲಿ ಹದಿನಾರು ಬೇಡಿಕೆ ಈಡೇರಿದವು. ಹದಿನೇಳನೆಯದರ ಮುಂದೆ 'ಪರಿಶೀಲಿಸಲಾಗುವುದು' ಎಂದಿತ್ತು.

"ಇದು ಗೇಟಲ್ಲಿ ಆಗೋ ಕೆಲ್ಸ ಅಲ್ಲ ಹೊಂಬಾಳಮ್ಮ, ವಿಧಾನಸೌಧದಲ್ಲೇ ಆಗ್ಬೇಕು," ಎಂದ ಗುರುಪ್ರಕಾಶ. ಹೀಗೆ ಅವನು ತುಮಕೂರು ನಗರಕ್ಕೆ ಪಕ್ಷೇತರನಾಗಿ ನಿಂತ.

ಯೂನಿಯನ್ ಕಾರ್ಯದರ್ಶಿ ಹೊನ್ನಯ್ಯ ಲೆಕ್ಕ ಹಾಕಿದ. "ನಮ್ ಫ್ಯಾಕ್ಟ್ರಿ ಆರ್ನೂರ ನಲವತ್ತು. ಇಡೀ ಇಂಡಸ್ಟ್ರಿಯಲ್ ಏರಿಯಾ ಸೇರುದ್ರೆ ಹನ್ನೆರಡು ಸಾವ್ರ. ಮನೆಗೆ ಮೂರು ವೋಟು. ಗೆದ್ದಂಗೇಯ."

ಟೀ ಕೊಡಲು ಬಂದಿದ್ದ ಹೊಂಬಾಳಮ್ಮ ನಿಂತಳು. "ಪಂಚಾಯ್ತಿ ಎಲೆಕ್ಷನ್ ದಿವ್ಸ ಕ್ಯಾಂಟೀನಲ್ಲಿ ಅರ್ಧಕ್ಕರ್ಧ ಅನ್ನ ಮಿಕ್ತು. ಎಲ್ಲಾ ಅವರವರ ಊರ್ಗೆ ವೋಟಾಕಕ್ಕೆ ಹೋಗಿದ್ರು. ಇಲ್ಲಿ ಬಟನ್ ಒತ್ತೋರು ಯಾರು?"

"ನೀನ್ ಸಾರಿನ ಉಪ್ಪು ನೋಡ್ಕಳಮ್ಮ," ಎಂದ ಹೊನ್ನಯ್ಯ. "ಹಿಂಗೇ ಬುಟ್ರೆ ಡೆಲ್ಲಿ ಎಲೆಕ್ಷನ್ನೂ ಸೌಟಲ್ಲೇ ಅಳೀತೀಯ."

ಎಲ್ಲರೂ ನಕ್ಕರು. ಗುರುಪ್ರಕಾಶನೂ ನಕ್ಕ.

ಮತದಾನದ ದಿನ ಬೆಳಗ್ಗೆ ಯೂನಿಯನ್ ಆಫೀಸಿಗೆ ಅವಳು ಉಪ್ಪಿಟ್ಟು ತಂದಾಗ ಹೊನ್ನಯ್ಯ ಒಬ್ಬನೇ ಕೂತಿದ್ದ.

"ಅಧ್ಯಕ್ಷರೆಲ್ಲಿ?"

"ಗುಬ್ಬಿಗೋದ್ರು."

"ಇವತ್ತು? ಯಾಕೆ?"

"ವೋಟಾಕಕ್ಕೆ. ಅವ್ರ ಹೆಸ್ರು ಅಲ್ಲೈತೆ."

"ಅಲ್ಲಿ ಯಾರಿಗಾಕ್ತಾರೆ?"

ಹೊನ್ನಯ್ಯ ಉಪ್ಪಿಟ್ಟಿನಲ್ಲಿದ್ದ ಮೆಣಸಿನಕಾಯಿಯನ್ನು ಬದಿಗಿಟ್ಟು, ಇನ್ನೊಂದು ತುತ್ತು ಬಾಯಿಗೆ ಹಾಕಿಕೊಂಡ.

ಬಂದ ಮತ ಸಾವಿರದ ಒಂಬೈನೂರ ಹನ್ನೆರಡು. ಠೇವಣಿ ಹೋಯಿತು. ವೋಟಿಂಗ್ ಮಷಿನ್ನಿನಲ್ಲಿ ಮೋಸ ಇದೆ ಎಂದು ಹೊನ್ನಯ್ಯ ವಾರಗಟ್ಟಲೆ ಹೇಳಿಕೊಂಡು ತಿರುಗಿದ. ಗುರುಪ್ರಕಾಶ ಮಾತ್ರ ನಾಲ್ಕನೇ ದಿನ ಅಡುಗೆಮನೆಗೆ ಬಂದು ಒಂದು ನೋಟ್‌ಬುಕ್ ತೆರೆದ.

"ಪಂಚಾಯ್ತಿ ಎಲೆಕ್ಷನ್ ದಿವ್ಸ ಅನ್ನ ಮಿಕ್ತಲ್ಲ, ಉಣ್ದೇ ಇದ್ದೋರು ಯಾವ್ಯಾವ ಕಡೆಯೋರು?"

ಬಡಿಸುವ ಕೈಗೆ ಎಲ್ಲ ನೆನಪಿತ್ತು. "ಗುಬ್ಬಿ ಕಡೆ ನೂರತ್ತು. ಗೂಳೂರು ಕಡೆ, ನಮ್ಮೋರು, ಅರವತ್ತು. ಕುಣಿಗಲ್ ಬಸ್ಸಲ್ಲಿ ಬರೋರೇ ಜಾಸ್ತಿ, ನೂರ ತೊಂಬತ್ತು. ಅದ್ರಲ್ಲಿ ಎಪ್ಪತ್ತು ಹುಲಿಯೂರುದುರ್ಗದೋರು." ಅವನು ಕುಣಿಗಲ್ ಅನ್ನುವುದರ ಕೆಳಗೆ ಎರಡು ಗೆರೆ ಎಳೆದ.

ಮುಂದಿನ ಐದು ವರ್ಷ ಕುಣಿಗಲ್ ತಾಲ್ಲೂಕಿನಲ್ಲಿ ಕಾರ್ಖಾನೆಯವರ ಮನೆಯ ಒಂದು ಬೀಗರೂಟವನ್ನೂ ಅವನು ತಪ್ಪಿಸಲಿಲ್ಲ. ಲಿಂಗಾಯತರವನು, ಮಾಂಸ ಮುಟ್ಟುವವನಲ್ಲ. ಬಾಡೂಟದ ಪಂಕ್ತಿಯಲ್ಲಿ ಬಾಳೆಹಣ್ಣು ತಿಂದು, ಮನೆಯವರ ಹೆಸರು ಹಿಡಿದು ಮಾತಾಡಿಸಿ ಎದ್ದು ಬರುತ್ತಿದ್ದ. ದೊಡ್ಡ ಪಕ್ಷವೊಂದು ಕರೆದು ಟಿಕೆಟ್ ಕೊಟ್ಟಿತು. ಕುಣಿಗಲ್ಲಿನಿಂದ ಎರಡು ಸಾವಿರದ ಮುನ್ನೂರು ಮತಗಳಿಂದ ಗೆದ್ದ. ಕ್ಯಾಂಟೀನಿನಲ್ಲಿ ಹೊಂಬಾಳಮ್ಮ ಪಾಯಸ ಮಾಡಿದಳು. ಅವತ್ತು ಅನ್ನದಲ್ಲಿ ಕಲ್ಲಿರಲಿಲ್ಲವೆಂದಲ್ಲ, ಯಾರೂ ಹೇಳಲಿಲ್ಲ.

ಮೂರು ವರ್ಷ ಕಳೆಯಿತು. ಒಂಬತ್ತು ಹೆಂಗಸರಲ್ಲಿ ಒಬ್ಬಳು ತೀರಿಕೊಂಡಳು, ಇಬ್ಬರು ಬಿಟ್ಟು ಹೋದರು. ಉಳಿದ ಆರು ಜನರನ್ನು ಖಾಯಂ ಮಾಡಿಸಿ ಎಂದು ಅರ್ಜಿ ಬರೆಸಿಕೊಂಡು ಹೊಂಬಾಳಮ್ಮ ಕುಣಿಗಲ್ ಬಸ್ಸು ಹತ್ತಿದಳು.

ಶಾಸಕರ ಕಚೇರಿಯಲ್ಲಿ ಮಂಜುಶ್ರೀ ಎಂಬ ಹುಡುಗಿ ಪುಸ್ತಕ ಇಟ್ಟುಕೊಂಡು ಕೂತಿದ್ದಳು. ಹೆಸರು ಕೇಳಿದಳು, ಊರು ಕೇಳಿದಳು.

"ಗೂಳೂರಾ? ಅದು ನಮ್ ಕ್ಷೇತ್ರಕ್ಕೆ ಬರಲ್ಲ ಅಜ್ಜಿ. ನಿಮ್ ಎಮ್ಮೆಲ್ಲೆ ಹತ್ರ ಹೋಗ್ಬೇಕು."

"ಅವ್ರು ನಮ್ ಅನ್ನ ಉಂಡಿಲ್ಲ ಕಣವ್ವ. ಕೂತಿರ್ತೀನಿ ಬುಡು."

ಹತ್ತಕ್ಕೆ ಕೂತವಳು ಒಂದೂ ಇಪ್ಪತ್ತರ ತನಕ ಕೂತಳು. ಗುರುಪ್ರಕಾಶ ಒಳಗಿನಿಂದ ಬಂದವನು ಗುರುತು ಹಿಡಿದ. "ಅಯ್ಯೋ, ಹೊಂಬಾಳಮ್ಮ!" ಎಂದು ಎರಡೂ ಕೈ ಹಿಡಿದುಕೊಂಡ. ಪಕ್ಕದಲ್ಲಿದ್ದವರಿಗೆ, ಇವರು ಹಾಕಿದ ಅನ್ನ ತಿಂದೇ ನಲವತ್ತೊಂದು ದಿನ ಮುಷ್ಕರ ಮಾಡಿದ್ದು ಎಂದು ಹೇಳಿದ. ದಿನದ ಲೆಕ್ಕ ತಪ್ಪಿರಲಿಲ್ಲ.

ಅವಳು ಅರ್ಜಿ ಕೊಟ್ಟಳು. "ಬರೋ ತಿಂಗ್ಳು ಹದಿನೆಂಟಕ್ಕೆ ನಂಗೆ ಅರವತ್ತು ಸಾರ್. ಅಷ್ಟ್ರೊಳಗಾದ್ರೆ ನಂಗೂ ಆಯ್ತದೆ. ಆಮ್ಯಾಕಾದ್ರೆ ಮಿಕ್ಕ ಐದು ಜನಕ್ಕೆ."

ಅವನು ನಿಂತಲ್ಲೇ ಪೂರಾ ಓದಿದ. ಎರಡನೇ ಸಲವೂ ಓದಿದ.

"ಫ್ಯಾಕ್ಟ್ರಿ ಇರೋದು ಬೇರೆಯವ್ರ ಕ್ಷೇತ್ರದಲ್ಲಿ. ನಾನ್ ಕೈ ಹಾಕುದ್ರೆ, ನಿಂಗ್ಯಾಕಪ್ಪ ಅಂತಾರೆ. ನಮ್ ಕ್ಷೇತ್ರದ ಹೆಣ್ಮಕ್ಳು ಅನ್ನಂಗಿದ್ರೆ ವಿಧಾನಸೌಧದಲ್ಲಿ ಎದ್ದು ನಿಂತು ಕೇಳ್ಬೋದು."

ಅವನು ಅರ್ಜಿಯನ್ನು ಮಡಿಸಿ ಅವಳ ಕೈಯಲ್ಲಿಟ್ಟು, ಮಂಜುಶ್ರೀಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದ:

"ನೀವ್ ಆರು ಜನಾನೂ ವೋಟು ಕುಣಿಗಲ್‌ಗೆ ಮಾಡುಸ್ಕೊಂಡ್ ಬರಕ್ಕಾಯ್ತದಾ?"