ಸಾಹೇಬರು ಕುಣಿಗೆ ಇಳಿದದ್ದು

ಆ ಬೇಸಿಗೆ ಶಿರೋಳದ ಕೆರೆಯ ಹೂಳು ತೆಗೆಯಲು ನಾನೂ ಕೂಲಿಗೆ ಹೋಗುತ್ತಿದ್ದೆ. ಬಿಸಿಲಿಗೆ ಹೆಂಗಸರು ಬವಳಿ ಬಂದು ಬೀಳುತ್ತಿದ್ದರು. ನಸುಕಿನಲ್ಲಿ ಬಂದು ಹನ್ನೊಂದಕ್ಕೆ ಕೆಲಸ ಬಿಡುತ್ತೇವೆಂದರೆ ಮೇಲ್ವಿಚಾರಕ ಸಾಹೇಬರು ಒಪ್ಪಲಿಲ್ಲ. ಅವರಿಗೇನು, ಬೇವಿನ ನೆರಳಲ್ಲಿ ಕೂತೇ ನಾವು ಅಗೆದ ಕುಣಿಗಳ ಅಳತೆ ಬರೆಯುತ್ತಿದ್ದರು.

ಒಂದು ಮಧ್ಯಾಹ್ನ ಎಲ್ಲರೂ ಗುದ್ದಲಿ ಕೆಳಗಿಟ್ಟೆವು. ‘ನೀವ ಕುಣ್ಯಾಗ ಇಳದ ಅಳದ್ರ ನಾಳಿ ಬರ್ತೀವ್ರಿ’ ಎಂದು ನಾನೇ ಅವರ ಕೈಗೆ ಟೇಪು ಕೊಟ್ಟೆ.

ಇಳಿದರು. ಮೂರನೇ ಕುಣಿಯಲ್ಲಿ ಗೋಡೆ ಹಿಡಿದು ನಿಂತು ನೀರು ಕೇಳಿದರು. ನಮ್ಮ ಪೈಕಿ ಹಿರಿಯಳಾದ ಮುದುಕಿ ತನ್ನ ತಂಬಿಗೆ ಕೊಟ್ಟು, ಅವರು ಕುಡಿದು ಮುಗಿಸುವವರೆಗೂ ಕಾದು, ‘ಇನ್ನ ಇಪ್ಪತ್ತ ಕುಣಿ ಅದಾವ್ರಿ’ ಎಂದಳು.

ಮೇಲೆ ಹತ್ತಲು ಸಾಹೇಬರು ನನ್ನತ್ತ ಕೈ ಚಾಚಿದರು. ನಾನು ಹಿಡಿಯಲಿಲ್ಲ.

‘ನಾಳಿಂದ ನಸಿಕಿನ್ಯಾಗ ಬಂದು ಹನ್ನೊಂದಕ್ಕ ಹೋಗ್ರಿ’ ಎಂದರು.

ಆಗ ಹಿಡಿದೆ.