ದೀಪಕ್ಕೆ ನೇಯ್ದ ದಡಿ

ಬೆಳಗಿನ ಮೋಟರಿಗೆ ಕಮಲಾಪುರ ಬಿಟ್ಟೆ. ಕಲಬುರಗಿಗೆ ಇಪ್ಪತ್ನಾಲ್ಕು ಮೈಲಿ, ಬಾಡಿಗೆ ನಿಜಾಮರ ಹಾಲಿ ಸಿಕ್ಕದ ಹತ್ತು ಆಣೆ. ನಮ್ಮ ಮನೆಯವರು ನೇಯ್ದ ಒಂದು ತುಂಡು ಬಟ್ಟೆ ಮಡಿಲಲ್ಲಿತ್ತು. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮರ ಆಳ್ವಿಕೆ ಹೋದ ಮೇಲೆ ನಮ್ಮ ಸೀರೆ ಕೊಳ್ಳುತ್ತಿದ್ದ ಅಂಗಡಿಯವರು ಬೀಗ ಹಾಕಿ ಹೋದರು, ತಿರುಗಿ ಬರಲಿಲ್ಲ. ಈ ತುಂಡು ಒಪ್ಪಿಗೆಯಾದರೆ ಮಗ್ಗ ಉಳಿಯುತ್ತದೆ. ಆಗದಿದ್ದರೆ ಮಗ್ಗ ಬಿಚ್ಚಿ, ನಮ್ಮ ಮನೆಯವರು ಶಹಾಬಾದಿನ ಕಲ್ಲುಗಣಿಗೆ ಹೋಗಬೇಕು. ಮುದುಕರು ಅಲ್ಲಿ ಹೆಚ್ಚು ದಿನ ಬಾಳುವುದಿಲ್ಲ.

ಮೋಡ ಕವಿದಿತ್ತು. ಪಕ್ಕದಲ್ಲಿ ಕುಳಿತ ಹೆಂಗಸು ನನ್ನ ಮಡಿಲನ್ನೇ ನೋಡುತ್ತಿದ್ದಳು.

"ಇಷ್ಟು ಜ್ವಾಕಿಲೆ ಹಿಡಕೊಂಡೀಯಲ್ಲಬೇ, ಮದಿವಿ ಸೀರಿ ಏನು?"

"ಬಿಜಲಿ ದೀಪಕ್ಕ ಉಡಸೂದು."

"ಹುಚ್ಚಿ! ನನಗ ಉಡಾಕಿಲ್ಲ, ದೀಪಕ್ಕ ಸೀರಿ!" ಎಂದು ತನ್ನ ಹರಿದ ಸೆರಗು ತೋರಿಸಿದಳು.

ಕಲಬುರಗಿಯಲ್ಲಿ ಇಳಿದು, ರೋಜಾ ಮೊಹಲ್ಲಾದಲ್ಲಿ ದೀಪ ಮಾಡುವ ಲಾಲ್‌ಸಾಬನ ಅಂಗಡಿಗೆ ನಡೆದು ಹೋದೆ. ಓಣಿಯಲ್ಲಿ ಅರ್ಧ ಮನೆಗಳಿಗೆ ಬೀಗ. ಯಾರು ಎಲ್ಲಿ ಹೋದರೆಂದು ನಾನು ಕೇಳಲಿಲ್ಲ. ಐವಾನ್-ಎ-ಶಾಹಿ ಬಂಗಲೆಯ ಕಡೆಗೆ ಬಂದ ಹೊಸ ಸರ್ಕಾರಿ ಸಾಹೇಬರ ದೀಪಗಳಿಗೆ ಸೀರೆ ದಡಿಯ ಚಿತ್ತಾರದ ಗಿಲಾಫು, ಅಂದರೆ ಬಟ್ಟೆಯ ಮುಸುಕು, ಬೇಕೆಂದು ಅವನೇ ಹೇಳಿಕಳಿಸಿದ್ದ.

ಬಟ್ಟೆಯನ್ನು ತಂತಿಯ ಚೌಕಟ್ಟಿಗೆ ಸುತ್ತಿ ಒಳಗೆ ಬಲ್ಬು ಹೊತ್ತಿಸಿದ. ಕೆಂಪು ದಡಿ, ಅದರೊಳಗಿನ ಬಿಳಿ ತೆನೆಗಳು, ಎಲ್ಲ ಒಂದೇ ಕಪ್ಪಾಗಿ ಕಂಡವು. ಬೆಳಕು ಮೇಲಿನ ಬಾಯಿಂದ ಮಾತ್ರ ಸೂರಿಗೆ ಹೋಯಿತು.

"ಯಾ ಅಲ್ಲಾ! ಅವ್ವಾ, ಇದು ದೀಪ ಅಲ್ಲ, ಗೋರಿ ಆಗ್ಯದ. ಇಷ್ಟು ಗಟ್ಟಿ ಯಾಕ ನೇದಾರ?"

"ಸಾಹೇಬರಿಗಂತ ಎಳಿಗೊಂದು ಪೆಟ್ಟು ಜಾಸ್ತಿ ಹಾಕ್ಯಾರ. ನಾಕು ಮೂಲಿ ಹಿಡದು ನೀರು ಹೊಯ್ದು ನೋಡಪ್ಪಾ, ಹನಿ ಸೋರಂಗಿಲ್ಲ."

ನಮ್ಮಲ್ಲಿ ಬಟ್ಟೆ ಪರೀಕ್ಷೆ ಮಾಡುವುದು ಹಾಗೆಯೇ. ಸೋರಿದರೆ ನೇಕಾರನ ಮಾನ ಹೋದಂತೆ.

"ನೀರು ತಗೊಂಡು ಏನು ಮಾಡ್ಲಿ? ನನಗ ಬೆಳಕು ಸೋರಬೇಕು. ಎಳಿ ನಡುವ ಸಂದು ಬಿಟ್ಟು, ಸಡ್ಲ ನೇದು ತರ್ರಿ. ಶುಕ್ರವಾರ ಜುಮ್ಮಾ ಒಳಗ ಬರದಿದ್ರ ಸಾಹೇಬರು ಹೈದರಾಬಾದಿಂದ ತರಸ್ತಾರ."

ಚಹಾ ಕುಡಿಸಿ ಕಳಿಸಿದ. ಕಟ್ಟಿಕೊಂಡು ಹೋದ ರೊಟ್ಟಿ ಮೋಟರು ನಿಲ್ಲುವ ಕಡೆ ತಿಂದೆ. ಮಳೆ ಹಿಡಿಯಿತು. ಕಮಲಾಪುರ ಮುಟ್ಟುವಾಗ ದೀಪ ಹಚ್ಚುವ ಹೊತ್ತು.

ನಮ್ಮ ಮನೆಯವರು ತಿರುಗಿ ಬಂದ ಬಟ್ಟೆ ಮುಟ್ಟಿ ನೋಡಿದರು. "ಸಡ್ಲ ನೇಯೋದಂದ್ರ ಜರಡಿ ಮಾಡೋದು. ನಮ್ಮಪ್ಪ ಕಲಿಸಿಲ್ಲ."

"ಕಲ್ಲು ಒಡಿಯೋದು ಕಲಿಸ್ಯಾರೇನ್ರಿ?"

ಅವರು ಬಟ್ಟೆ ಮಡಚಿಟ್ಟರು. ಮರುದಿನ ಮಗ್ಗಕ್ಕೆ ಕುಳಿತರು. ಮೆಲ್ಲಗೆ ಬಡಿಯಬೇಕೆಂದರೂ ಕೈ ತಾನಾಗಿ ಎರಡು ಪೆಟ್ಟು ಬಡಿಯುತ್ತಿತ್ತು. ಬಿಚ್ಚಿದರು, ಮತ್ತೆ ನೇಯ್ದರು, ಮತ್ತೆ ಗಟ್ಟಿಯೇ ಬಂತು. ಕಡೆಗೆ ಎದ್ದುಬಿಟ್ಟರು.

"ನೀನೇ ಕೂಡು. ನಿನ್ನ ಕೈಯಾಗ ಕಸುವಿಲ್ಲ. ಸಾಹೇಬರಿಗೆ ಅಂಥಾದ್ದೇ ಬೇಕಂತ."

ನಮ್ಮ ಮನೆಯಲ್ಲಿ ಹೆಂಗಸರು ನೂಲು ಸುತ್ತುತ್ತಾರೆ, ಮಗ್ಗದ ಕುಳಿಗೆ ಇಳಿಯುವುದಿಲ್ಲ. ನಾನು ಇಳಿದೆ. ಗೇಣುದ್ದ ನೇಯ್ದು, ಬಗ್ಗಿ ಬಟ್ಟೆಯ ಸಂದಿನಿಂದ ನೋಡಿದೆ. ಬಾಗಿಲು ಕಂಡಿತು. ಅಲ್ಲಿ ನನಗೆ ಬೆನ್ನು ಮಾಡಿ ಕುಳಿತ ಅವರೂ ಕಂಡರು.