ಆಟಿಯಲ್ಲಿ ಬೂಷ್ಟು ಹಿಡಿಯದ ಸೀಟು

ಹಂಚಿನ ಕಾರ್ಖಾನೆಯ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ಬೆಳಿಗ್ಗೆ ನದಿಯ ಕಡೆಯಿಂದ ಅದು ಉದ್ದಕ್ಕೆ ಎಳೆದುಕೊಂಡು ಬರುತ್ತಿತ್ತು. ಆ ಹೊತ್ತಿಗೆ ನಂತೂರಿನ ನಮ್ಮ ಮನೆಯಲ್ಲಿ ಅಜ್ಜಿ ಬಚ್ಚಲ ಒಲೆಗೆ ತೆಂಗಿನ ಮಡಲು ತುರುಕುತ್ತಿದ್ದರು, ನಾನು ಕಾಲೇಜಿಗೆ ಹೊರಡಲು ರಿಬ್ಬನ್ ಹುಡುಕುತ್ತಿದ್ದೆ, ಅಜ್ಜಿಯ ಕಿರಿಮಗಳಾದ ಚಿಕ್ಕಮ್ಮ ಹಳೆಯ ಪಂಚೆಯ ತುಂಡೊಂದನ್ನು ಹೆಗಲ ಮೇಲೆ ಹಾಕಿಕೊಂಡು ಕಾರಿನ ಶೆಡ್ಡಿಗೆ ಇಳಿಯುತ್ತಿದ್ದರು. ನಂತೂರು ಎಂದರೆ ಈಗಿನವರಿಗೆ ಲಾರಿಗಳ ಸಾಲು ಕಣ್ಣಿಗೆ ಬರಬಹುದು. ಅರುವತ್ತರ ದಶಕದ ಆರಂಭದಲ್ಲಿ ಅಲ್ಲಿ ಒಂದು ವಾಹನ ಹೋದರೆ ಯಾರದ್ದೆಂದು ನೋಡಲು ಜನ ಜಗಲಿಗೆ ಬರುತ್ತಿದ್ದರು.

Frankly ಹೇಳುತ್ತೇನೆ, ಇಂಥ ಕತೆಗಳನ್ನು ನಾನು ನಂಬಿದವಳಲ್ಲ. ಬಂಟರ ಮನೆಯಲ್ಲಿ ಹುಟ್ಟಿದವಳು ದೈವಕ್ಕೆ ಕೈ ಮುಗಿಯದೆ ಬೆಳೆಯಲಿಕ್ಕಾಗುವುದಿಲ್ಲ, ಅದು ಬೇರೆ. ಆದರೆ ಸತ್ತವರು ಕುಲೆಯಾಗಿ ಬರುತ್ತಾರೆ, ಸೂಚನೆ ಕೊಡುತ್ತಾರೆ ಎಂದು ಅಜ್ಜಿ ಶುರುಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ಕಾನ್ವೆಂಟಿನ ನನ್ಸ್ ಕೈಯಲ್ಲಿ ಕಲಿತ ನನಗೆ ಎಲ್ಲದಕ್ಕೂ ಒಂದು reason ಬೇಕಿತ್ತು. ಈ ಒಂದಕ್ಕೆ ಮಾತ್ರ ಇವತ್ತಿನವರೆಗೆ ಸಿಕ್ಕಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ನೀವು ನಂಬದಿದ್ದರೂ ನನಗೆ ಬೇಸರವಿಲ್ಲ.

ಕಾರು ಚಿಕ್ಕಪ್ಪನದ್ದು. ಕಪ್ಪು ಬಣ್ಣದ ವಿಲಾಯತಿ ಕಾರು, ಒಳಗೆ ಕಂದು ಚರ್ಮದ ಸೀಟು, ಮರದ ಡ್ಯಾಶ್‌ಬೋರ್ಡು. ಚಿಕ್ಕಪ್ಪ ಹಂಚಿನ ವ್ಯಾಪಾರದಲ್ಲಿದ್ದರು. ಮದುವೆಯಾಗಿ ಸ್ವಲ್ಪ ಸಮಯಕ್ಕೆ, ಹಂಚು ತುಂಬಿದ ಮಂಜಿಯೊಂದರಲ್ಲಿ ತಾವೇ ಕೊಲಂಬೊಗೆ ಹೊರಟರು. ಆ ಹಾಯಿ ಹಡಗು ಕೊಲಂಬೊ ಮುಟ್ಟಲಿಲ್ಲ, ವಾಪಸ್ಸೂ ಬರಲಿಲ್ಲ. ಮಂಜಿಯ ಯಜಮಾನರಾದ ಬಂದರಿನ ಬ್ಯಾರಿ ಸಾಹುಕಾರರು ನಮ್ಮ ಜಗಲಿಯಲ್ಲಿ ಕೂತು, ಒಂದು ಹಲಗೆ ಕೂಡ ಸಿಕ್ಕಿಲ್ಲ ತಾಯೀ ಎಂದು ಟೊಪ್ಪಿ ತೆಗೆದು ಕಣ್ಣೊರಸಿಕೊಂಡದ್ದು ನನಗೆ ನೆನಪಿದೆ. ಹೆಣ ಸಿಗದ ಮೇಲೆ ಸತ್ತರು ಎಂದು ಹೇಳುವುದು ಹೇಗೆ? ಚಿಕ್ಕಮ್ಮ ಕರಿಮಣಿ ತೆಗೆಯಲಿಲ್ಲ. ಯಾರೂ ತೆಗೆ ಎನ್ನಲೂ ಇಲ್ಲ.

ಕಾರು ನಮ್ಮ ಶೆಡ್ಡಿನಲ್ಲೇ ಉಳಿಯಿತು. ಓಡಿಸುವವರಿರಲಿಲ್ಲ, ಮಾರುವ ಮಾತು ಎತ್ತುವ ಧೈರ್ಯವೂ ಯಾರಿಗೂ ಇರಲಿಲ್ಲ. ಚಿಕ್ಕಮ್ಮ ಅದರ ಒಳಗನ್ನು ಇಟ್ಟುಕೊಂಡ ರೀತಿಯನ್ನು ನಾನು ಬೇರೆ ಯಾವ ಕಾರಿನಲ್ಲೂ ನೋಡಿಲ್ಲ. ಮೊದಲು ನಾಲ್ಕು ಬಾಗಿಲು ತೆರೆದು ಗಾಳಿಯಾಡಲು ಬಿಡುವುದು. ಆಮೇಲೆ ಮೇಲಿನಿಂದ ಕೆಳಗೆ. ಮೇಲ್ಛಾವಣಿಯ ಒಳಗಿನ ಬಟ್ಟೆಗೆ ಒಣ ಬ್ರಶ್ ಮಾತ್ರ, ನೀರು ತಾಗಿದರೆ ಕಲೆ ಬೀಳುತ್ತದೆ. ಗಾಜಿಗೆ ವಿನೆಗರ್ ಮತ್ತು ಹಳೆಯ ಪೇಪರು. ಮರಕ್ಕೆ ಟರ್ಪಂಟೈನ್‌ನಲ್ಲಿ ಕರಗಿಸಿದ ಜೇನುಮೇಣ. ಚರ್ಮಕ್ಕೆ ಸೋಪಿನ ನೊರೆ ಮಾತ್ರ, ಅದರ ನೀರು ಬೇಡ. ನೊರೆ ಒರಸಿ, ನೆರಳಲ್ಲಿ ಆರಿಸಿ, ಒಣ ಬಟ್ಟೆಯಿಂದ ತಿಕ್ಕುವುದು. ಅಜ್ಜಿಗೆ ಇದು ಅರ್ಥವಾಗುತ್ತಿರಲಿಲ್ಲ.

“ಅಷ್ಟೆಲ್ಲ ಎಂತಕ್ಕೆ ಮಾರಾಯ್ತಿ? ಸ್ವಲ್ಪ ತೆಂಗಿನೆಣ್ಣೆ ಹಚ್ಚು. ತಲೆಗೆ ಆಗುವ ಎಣ್ಣೆ ಸೀಟಿಗೆ ಆಗುವುದಿಲ್ಲವಾ?”

“ಆಗ್ತದೆ ಅಮ್ಮ. ಇರುವೆಗೂ ಆಗ್ತದೆ.”

ಮಳೆಗಾಲ ಬಂದರೆ ಕೆಲಸ ದುಪ್ಪಟ್ಟು. ನಮ್ಮ ಊರಿನ ಮಳೆಯಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕದ ರಟ್ಟು, ಯಾವುದನ್ನು ಮುಟ್ಟದೆ ಬಿಟ್ಟರೂ ಬೂಷ್ಟು ಹಿಡಿಯುತ್ತದೆ. ಚರ್ಮದ ಸೀಟಿನ ಗತಿ ಕೇಳಬೇಕೇ? ಚಿಕ್ಕಮ್ಮ ಸೀಟಿನ ಕೆಳಗೆ ಇದ್ದಿಲಿನ ಬುಟ್ಟಿ ಇಟ್ಟು, ದಿನಾ ಬಾಗಿಲು ತೆರೆದು ಒರಸುತ್ತಿದ್ದರು. ಹೀಗೆ ಕೆಲವು ಮಳೆಗಾಲ ಕಳೆಯಿತು.

ನಾನು ಕಾಲೇಜಿನಲ್ಲಿ ಸಯನ್ಸ್ ತೆಗೆದುಕೊಂಡ ವರ್ಷ, ಮಳೆ ಹಿಡಿದ ಸಮಯಕ್ಕೇ ಚಿಕ್ಕಮ್ಮನಿಗೆ ಟೈಫಾಯ್ಡ್ ಆಯಿತು. ಕಂಕನಾಡಿಯ ಆಸ್ಪತ್ರೆಯಲ್ಲಿ ಬಹಳ ದಿನ ಮಲಗಿದರು. ಕಾರಿನ ಕೀಲಿ ಅವರ ದಿಂಬಿನ ಅಡಿಯಲ್ಲೇ ಇತ್ತು, ಜ್ವರದಲ್ಲಿಯೂ ತಡವಿ ನೋಡಿಕೊಳ್ಳುತ್ತಿದ್ದರು. ಇದ್ದದ್ದು ಎರಡು ಕೀಲಿ. ಇನ್ನೊಂದು ಚಿಕ್ಕಪ್ಪನ ಜೊತೆ ಮಂಜಿಯಲ್ಲಿ ಹೋಗಿತ್ತು. ಹಾಗಾಗಿ ಆ ವರ್ಷ ಕಾರನ್ನು ಯಾರೂ ತೆರೆಯಲಿಲ್ಲ. ತೆರೆಯಲು ಸಾಧ್ಯವಿರಲಿಲ್ಲ.

ಅವರು ಮನೆಗೆ ಬಂದದ್ದು ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ. ಆಟಿಯಲ್ಲಿ ನಮ್ಮ ಕಡೆ ತೀರಿಕೊಂಡ ಹಿರಿಯರಿಗೆ ಬಡಿಸುವ ಕ್ರಮವಿದೆ. ಒಳಗಿನ ಕೋಣೆಯಲ್ಲಿ ಒಬ್ಬೊಬ್ಬರ ಹೆಸರಿಗೆ ಒಂದೊಂದು ಬಾಳೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಸ್ವಲ್ಪ ಹೊತ್ತು ಬಾಗಿಲು ಮುಚ್ಚುತ್ತಾರೆ. ಚಿಕ್ಕಪ್ಪನ ಅಣ್ಣ, ನಾವು ಕಾಟಿಪಳ್ಳದ ದೊಡ್ಡಪ್ಪ ಎನ್ನುತ್ತಿದ್ದವರು, ಚಿಕ್ಕಮ್ಮ ಬಂದ ದಿನವೇ ಮಧ್ಯಾಹ್ನ ಬಂದರು. ತಮ್ಮ ಮನೆಯಲ್ಲಿ ಈ ಸಲ ತಮ್ಮನಿಗೂ ಒಂದು ಎಲೆ ಹಾಕುವುದೆಂದು ಹೇಳಲು ಬಂದಿದ್ದರು. ಕೆಟ್ಟ ಮನುಷ್ಯರಲ್ಲ. ಎಲೆ ಹಾಕಿದರೆ ತಮ್ಮ ಸತ್ತ ಎಂದು ಮನೆತನ ಒಪ್ಪಿಕೊಂಡ ಹಾಗೆ, ಚಿಕ್ಕಮ್ಮನ ಋಣ ಹರಿದ ಹಾಗೆ. ನಮ್ಮಲ್ಲಿ ಗಂಡ ತೀರಿಕೊಂಡವಳು ಮತ್ತೆ ಮದುವೆಯಾಗಲು ಅಡ್ಡಿಯಿಲ್ಲ. ಮುಲ್ಕಿ ಕಡೆಯ ಒಬ್ಬ ಮಾಸ್ಟರರು ಕೇಳಿಯೂ ಇದ್ದರು, ಒಳ್ಳೆಯವರು. ಅಜ್ಜಿಗೆ ಮನಸ್ಸಿತ್ತು. ಚಿಕ್ಕಮ್ಮನಿಗೆ ಆಗ ವಯಸ್ಸೇನೂ ಆಗಿರಲಿಲ್ಲ.

ದೊಡ್ಡಪ್ಪ ಚಾವಡಿಯಲ್ಲಿ ಊಟಕ್ಕೆ ಕೂತಿದ್ದರು. ಚಿಕ್ಕಮ್ಮ ಮಲಗದೆ ನನ್ನ ಹೆಗಲು ಹಿಡಿದುಕೊಂಡು ಶೆಡ್ಡಿಗೆ ಇಳಿದರು. ಹೊರಗೆ ಬಿಡದ ಮಳೆ. ಬೆಳಗಿನಿಂದ ಬಿಸಿಲಿನ ಸುಳಿವಿರಲಿಲ್ಲ. ಗಾಜುಗಳು ಮೇಲಕ್ಕೆ ಏರಿಸಿದ ಹಾಗೆಯೇ ಇದ್ದವು, ಒಳಗಿನಿಂದ ಮಂಜು ಕಟ್ಟಿತ್ತು. ಕೀಲಿ ತಿರುಗಿಸಿ ಎಡಗಡೆಯ ಬಾಗಿಲು ತೆರೆದಾಗ ಹಳೇ ನೆಲಮಾಳಿಗೆಯಂಥ ವಾಸನೆ ಮುಖಕ್ಕೆ ಹೊಡೆಯಿತು. ಹಿಂದಿನ ಸೀಟು, ಎಡಗಡೆಯ ಸೀಟು, ಬಾಗಿಲಿನ ಒಳಮೈ, ಡ್ಯಾಶ್‌ಬೋರ್ಡು, ಎಲ್ಲ ಕಡೆ ಅಕ್ಕಿ ಹಿಟ್ಟು ಚೆಲ್ಲಿದ ಹಾಗೆ ಬಿಳಿ ಬೂಷ್ಟು.

ಡ್ರೈವರನ ಸೀಟಿನಲ್ಲಿ ಮಾತ್ರ ಇರಲಿಲ್ಲ.

ಇರಲಿಲ್ಲ ಎಂದರೆ, ಅಂಚಿನಲ್ಲಿ ಇತ್ತು. ನಡುವೆ, ಒಬ್ಬರು ಕೂತು ಬೆನ್ನು ಆನಿಸಿದರೆ ಎಷ್ಟು ಜಾಗ ಬೇಕೋ ಅಷ್ಟು, ಕಂದು ಚರ್ಮ ಒಣಗಿ ಹೊಳೆಯುತ್ತಿತ್ತು. ಸ್ಟೇರಿಂಗ್ ಚಕ್ರದ ಮೇಲೆ ಎಡಕ್ಕೊಂದು ಬಲಕ್ಕೊಂದು ಹಿಡಿಯಷ್ಟು ಜಾಗ ಸ್ವಚ್ಛ, ಉಳಿದದ್ದು ಬಿಳಿ. ನಾನು ನೋಡುತ್ತಾ ನಿಂತೆ. ಚಿಕ್ಕಮ್ಮ ಆ ಕಡೆಗೆ ಬಗ್ಗಿ, ಸೀಟಿನ ಮೇಲೆ ಅಂಗೈ ಇಟ್ಟು ಹಾಗೆಯೇ ಉಳಿದರು. ಆಮೇಲೆ ನನ್ನ ಕೈ ಎಳೆದು ಅಲ್ಲಿ ಇಟ್ಟರು.

ಬಿಸಿ ಇತ್ತು. ಸುಡುವ ಬಿಸಿಯಲ್ಲ. ಬಸ್ಸಿನಲ್ಲಿ ಒಬ್ಬರು ಎದ್ದು ಹೋದ ಸೀಟಿನಲ್ಲಿ ಕೂತರೆ ಗೊತ್ತಾಗುತ್ತದಲ್ಲ, ಆ ಬಿಸಿ. ಅರ್ಧ ಅಡಿ ಈಚೆ ಕೈ ಇಟ್ಟರೆ ಚರ್ಮ ಒದ್ದೆ, ತಣ್ಣಗೆ.

“ದೊಡ್ಡಪ್ಪನನ್ನು ಕರೆಯುತ್ತೇನೆ, ಅವರು ನೋಡಲಿ” ಎಂದೆ.

“ಬೇಡ. ಜನ ಕರೆದು ತೋರಿಸಲಿಕ್ಕೆ ಇದು ಎಕ್ಸಿಬಿಷನಾ?” ಎಂದರು ಚಿಕ್ಕಮ್ಮ. ನಿಲ್ಲಲು ತ್ರಾಣವಿಲ್ಲದಿದ್ದರೂ ವಿನೆಗರ್ ಬಟ್ಟೆ ಹಿಡಿದು ಬೂಷ್ಟನ್ನೆಲ್ಲ ಒರಸಿದರು. ನಾನೂ ಒರಸಿದೆ. ಮುಗಿಯುವ ಹೊತ್ತಿಗೆ ಎಲ್ಲ ಸೀಟೂ ಒಂದೇ ಬಣ್ಣ, ತೋರಿಸಲು ಏನೂ ಉಳಿದಿರಲಿಲ್ಲ.

ಮೇಲೆ ಬಂದು ಚಾವಡಿಯ ಕಂಬಕ್ಕೆ ಒರಗಿ ಅವರೇ ವಿಷಯ ಹೇಳಿದರು. ಎಲೆ ಹಾಕಬೇಡಿ ಭಾವ, ಅವರು ಇದ್ದಾರೆ ಎಂದರು. ದೊಡ್ಡಪ್ಪ ಆಗಷ್ಟೇ ಕೈ ತೊಳೆದು ಬಂದಿದ್ದರು.

ಅಜ್ಜಿ ಬೇರೆಯೇ ಅರ್ಥ ಮಾಡಿದರು. “ಅದು ಕುಲೆ ಬಂದು ಕೂತದ್ದು ಮಗಾ. ಎಲೆ ಸಿಗದೆ ಹಸಿದು ಬಂದಿದೆ. ಹಾಕಲೇಬೇಕು.”

“ಸತ್ತವರ ಮೈ ಬಿಸಿ ಇರ್ತದಾ ಅಮ್ಮ?”

“ಜ್ವರ ಬಿಟ್ಟವಳ ಕೈ. ನಿನಗೆ ಎಲ್ಲ ಬಿಸಿಯೇ.”

ಆಗ ದೊಡ್ಡಪ್ಪ ನನ್ನ ಕಡೆ ತಿರುಗಿದರು. “ನಿನಗೆ ಜ್ವರ ಇಲ್ಲ. ಕಾನ್ವೆಂಟಿನಲ್ಲಿ ಕಲಿತವಳು, ಸಯನ್ಸ್ ಓದುವವಳು. ನೀನು ಹೇಳಿದರೆ ನಾನು ಕೇಳ್ತೇನೆ. ಬಿಸಿ ಇತ್ತಾ, ಇಲ್ಲವಾ?”

ಚಿಕ್ಕಮ್ಮ ನನ್ನನ್ನು ನೋಡಲೇ ಇಲ್ಲ, ಕಂಬವನ್ನು ನೋಡುತ್ತಿದ್ದರು. ಅಜ್ಜಿ ನೋಡಿದರು. ಆ ನೋಟದಲ್ಲಿ ಮುಲ್ಕಿಯ ಮಾಸ್ಟರರು, ಹೊಸ ಮನೆ, ಹುಟ್ಟಬಹುದಾಗಿದ್ದ ಮಕ್ಕಳು ಎಲ್ಲ ಇದ್ದರು. ನನಗೂ ಅದು ತಿಳಿದಿತ್ತು.

“ಬಿಸಿ ಇತ್ತು ದೊಡ್ಡಪ್ಪ. ಯಾಕೆ ಅಂತ ಗೊತ್ತಿಲ್ಲ” ಎಂದೆ.

ಅವರು ಕೊಡೆ ಎತ್ತಿಕೊಂಡರು. “ಹಾಗಾದರೆ ಈ ವರ್ಷ ಬೇಡ” ಎಂದು ಮಳೆಗೆ ಇಳಿದರು.

ಆಮೇಲೆ ನಾನು ಬಹಳ ಯೋಚಿಸಿದ್ದೇನೆ. ಬೆಕ್ಕು ಮಲಗಿತ್ತೇ? ಮುಚ್ಚಿದ ಕಾರಿಗೆ ಬೆಕ್ಕು ಹೋಗುವುದು ಹೇಗೆ, ಹೋದರೂ ಒಂದು ಕೂದಲಾದರೂ ಇರಬೇಡವೇ? ಸ್ಟೇರಿಂಗ್ ಹಿಡಿಯುವ ಬೆಕ್ಕಂತೂ ಇಲ್ಲ. ಮರಕ್ಕೆ ಹಚ್ಚುವ ಮೇಣ ಆ ಜಾಗಕ್ಕೂ ಬಿದ್ದಿತ್ತೇ? ಇರಬಹುದು, ಆದರೆ ಮೇಣ ಬಿಸಿ ಇರುವುದಿಲ್ಲ. ನಮಗೆ ಬಾಟನಿ ಹೇಳಿಕೊಡುತ್ತಿದ್ದ ಸಿಸ್ಟರ್ ಹತ್ತಿರ, ಯಾರದೋ ಮನೆಯ ವಿಷಯವೆಂಬಂತೆ ಕೇಳಿದೆ. “ಒಣಗಿದ ಜಾಗದಲ್ಲಿ fungus ಬೆಳೆಯುವುದಿಲ್ಲ ಚೈಲ್ಡ್. ಅಲ್ಲಿ ಯಾಕೆ ಒಣಗಿತ್ತು ಅಂತ ನೋಡು” ಎಂದರು. ನನ್ನ ಪ್ರಶ್ನೆಯನ್ನೇ ನನಗೆ ವಾಪಸ್ ಕೊಟ್ಟ ಉತ್ತರ ಅದು.

ಮಾಸ್ಟರರಿಗೆ ಮರುವರ್ಷ ಬೇರೆ ಕಡೆ ಮದುವೆಯಾಯಿತು. ಪ್ರತಿ ಆಟಿಯಲ್ಲಿ ಕಾಟಿಪಳ್ಳದಿಂದ ಜನ ಬಂದು ಕೇಳುತ್ತಿದ್ದರು, ಚಿಕ್ಕಮ್ಮ ಈ ವರ್ಷ ಬೇಡ ಎನ್ನುತ್ತಿದ್ದರು, ಬಂದವರು ಚಹಾ ಕುಡಿದು ಹೋಗುತ್ತಿದ್ದರು. ಚಿಕ್ಕಮ್ಮ ಇರುವವರೆಗೆ ಆ ಎಲೆ ಬೀಳಲಿಲ್ಲ. ಸೀಟಿನ ಮಾತನ್ನು ಅವರು ನನ್ನ ಹತ್ತಿರ ಮತ್ತೆ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಅವರು ಸುಖವಾಗಿದ್ದರೋ ಇಲ್ಲವೋ ಹೇಳಲಾರೆ. ಮುಖ ನೋಡಿದರೆ ಕಾಯುವವರ ಹಾಗೆ ಕಾಣುತ್ತಿರಲಿಲ್ಲ, ಅಷ್ಟು ಹೇಳಬಲ್ಲೆ.

ನಾನು ಮದುವೆಯಾಗಿ ಬೊಂಬಾಯಿಗೆ ಹೋದೆ. ಆಮೇಲೆ ಚಿಕ್ಕಮ್ಮ ಇರುವಾಗ ಊರಿಗೆ ಬರಲಾಗಲಿಲ್ಲ, ಅವರು ತೀರಿಕೊಂಡಾಗಲೂ ಆಗಲಿಲ್ಲ. ಹಾಗಾಗಿ ನಾನು ಅವರನ್ನು ಕೊನೆಯ ಬಾರಿ ನೋಡಿದ್ದು ಬೊಂಬಾಯಿಗೆ ಹೊರಟ ಆ ಬೆಳಿಗ್ಗೆಯೇ. ಮಳೆಗಾಲ ಕಳೆದು ಎಳೆ ಬಿಸಿಲು ಬಿದ್ದಿತ್ತು. ಚಿಕ್ಕಮ್ಮ ಅಂಗಳದ ತುದಿಯವರೆಗೆ ಬಂದು, ಕೈಯಲ್ಲಿ ಸೋಪಿನ ನೊರೆ ಉಂಟು, ಸೀರೆ ಹಾಳಾಗ್ತದೆ ಎಂದು ನನ್ನನ್ನು ಮುಟ್ಟದೆಯೇ ಹರಸಿದರು. ಟ್ಯಾಕ್ಸಿ ಗೇಟಿನ ಹತ್ತಿರ ತಿರುಗಿದಾಗ ನಾನು ಹಿಂದಕ್ಕೆ ನೋಡಿದೆ. ಅವರು ಆಗಲೇ ಶೆಡ್ಡು ಸೇರಿದ್ದರು. ಬಟ್ಟೆಯನ್ನು ಹೆಗಲಿಗೆ ಹಾಕಿ, ಡ್ರೈವರನ ಕಡೆಯ ಬಾಗಿಲಿನ ಮುಂದೆ ನಿಂತು, ಬೆರಳಿನ ಗೆಣ್ಣಿನಿಂದ ಗಾಜಿಗೆ ಮೆಲ್ಲಗೆ ತಟ್ಟಿದರು. ಒಂದು ಕ್ಷಣ ಬಿಟ್ಟು, ಒಳಗಿದ್ದವರಿಗೆ ಇಳಿಯಲು ಜಾಗ ಕೊಡುವ ಹಾಗೆ ಪಕ್ಕಕ್ಕೆ ಸರಿದು, ಬಾಗಿಲು ತೆರೆದರು.